‘ಸಾಕು’ ಅನ್ನುತ್ತಿದ್ದ ಬಾರು

ನಮ್ಮ ಮನೆಯಲ್ಲಿ ಒಗ್ಗರಣೆಯ ಎಣ್ಣೆಯನ್ನು ಪೆಗ್ಗಿನ ಅಳತೆಯಲ್ಲಿ ಹಾಕುತ್ತಾರೆ. ಪಲ್ಯಕ್ಕೆ ಸ್ಮಾಲು, ಎಣಗಾಯಿ ಬದನೆಕಾಯಿಗೆ ಲಾರ್ಜು. ಮನೆಗೆ ಹೊಸದಾಗಿ ಬಂದ ನೆಂಟರು ಅಡುಗೆಮನೆಯ ಕಡೆಯಿಂದ ನನ್ನ ಹೆಂಡತಿ “ಇವತ್ತ ಎರಡು ಲಾರ್ಜ್ ಹಿಡೀತು ನೋಡ್ರಿ” ಅನ್ನುವುದನ್ನು ಕೇಳಿ ಒಮ್ಮೆ ನನ್ನ ಮುಖ ನೋಡುತ್ತಾರೆ, ಒಮ್ಮೆ ಗೋಡೆಯ ಮೇಲಿನ ದೇವರ ಪಟ ನೋಡುತ್ತಾರೆ. ನಾನು ಏನೂ ಕೇಳಿಸದವನಂತೆ ಪೇಪರು ಓದುತ್ತಿರುತ್ತೇನೆ. ಎಲ್ಲವನ್ನೂ ವಿವರಿಸಹೊರಟರೆ ಅವರ ಚಹಾ ಆರಿಹೋಗುತ್ತದೆ.

ನಿಮ್ಮ ಚಹಾ ಆರಿದರೂ ಪರವಾಗಿಲ್ಲ ಎಂದುಕೊಂಡು ಹೇಳುತ್ತೇನೆ. ಆ ಅಳತೆ ಸ್ಟೀಲಿನದು, ಎರಡು ಬಾಯಿಯದು, ನೋಡಲು ಡಮರುವಿನ ಹಾಗಿದೆ. ಒಂದು ಬಾಯಿ ಚಿಕ್ಕದು, ತಿರುಗಿಸಿ ಹಿಡಿದರೆ ದೊಡ್ಡದು. ಅದು ನಮ್ಮ ಬಾರಿನದು. ಹೌದು, ನಾನು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬಾರು ನಡೆಸಿದವನು. ಹೈದರಾಬಾದಿನ ನಾಂಪಲ್ಲಿಯಲ್ಲಿ, ನುಮಾಯಿಷ್ ಮೈದಾನದ ಹಿಂದಿನ ಗಲ್ಲಿಯಲ್ಲಿ. ಮತ್ತು ಇವತ್ತಿನವರೆಗೂ ಒಂದು ಹನಿ ಬಾಯಿಗೆ ಬಿಟ್ಟುಕೊಂಡವನಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ತಾನು ಮಾರುವ ಸರಕಿನ ರುಚಿಯೇ ಗೊತ್ತಿಲ್ಲದ ವ್ಯಾಪಾರಿಯನ್ನು ಜನ ಏನೆಂದು ಕರೆಯುತ್ತಾರೋ, ಅದನ್ನೆಲ್ಲ ನನ್ನನ್ನೂ ಕರೆದಿದ್ದಾರೆ.

ಅಂಗಡಿ ಮೂಲತಃ ನನ್ನ ಸೋದರಮಾವನದು. ಆತ ಸೇಡಂ ಕಡೆಯ ನಮ್ಮೂರಿನಿಂದ ಹೈದರಾಬಾದಿಗೆ ಹೋಗಿ, ನುಮಾಯಿಷ್‌ಗೆ ಬರುವ ಅಂಗಡಿಕಾರರಿಗಾಗಿ ಒಂದು ಖಾನಾವಳಿ ತೆರೆದ. ನುಮಾಯಿಷ್ ಎಂದರೆ ಪ್ರತಿ ಜನವರಿಯಲ್ಲಿ ನಾಂಪಲ್ಲಿಯಲ್ಲಿ ನಡೆಯುವ ದೊಡ್ಡ ಪ್ರದರ್ಶನ. ಕಾಶ್ಮೀರದ ಶಾಲು, ಲಖನೌದ ಕುರ್ತಾ, ರಾಜಸ್ಥಾನದ ಉಪ್ಪಿನಕಾಯಿ, ಮೊರದಗಲ ಹಪ್ಪಳ, ಮಕ್ಕಳ ರೈಲು ಎಲ್ಲ ಒಂದೇ ಮೈದಾನಕ್ಕೆ ಬಂದಿಳಿಯುತ್ತಿದ್ದವು. ಆ ಒಂದೂವರೆ ತಿಂಗಳು ನಮ್ಮ ಗಲ್ಲಿ ಯಾತ್ರಾಸ್ಥಳ. ಉಳಿದ ದಿನ ಅಲ್ಲಿ ನಾಯಿಗಳು ಸಹ ನಿಧಾನವಾಗಿ ಓಡಾಡುತ್ತಿದ್ದವು. ಮಾವ ತನಗಿದ್ದ ಒಬ್ಬಳೇ ತಂಗಿಯ ಮೇಲಿನ ಮಾಯೆಯಿಂದ ಬೋರ್ಡಿನ ಮೇಲೆ ‘ಅನ್ನಪೂರ್ಣಾ ಖಾನಾವಳಿ’ ಎಂದು ಬರೆಸಿದ. ಆ ತಂಗಿಯೇ ನಮ್ಮವ್ವ.

ನಾನು ಎಂಟು ವರ್ಷದವನಿದ್ದಾಗ ಮೊದಲ ಸಲ ನುಮಾಯಿಷ್ ನೋಡಲು ಹೋಗಿ ಶಿಸ್ತಾಗಿ ಕಳೆದುಹೋದೆ. ಗಾಜಿನ ಬಳೆಯ ಅಂಗಡಿ ಮುಂದೆ ಅಳುತ್ತ ನಿಂತವನನ್ನು ಯಾರೋ ಮೈಕಿನವರ ಬಳಿ ಕರೆದೊಯ್ದರು. ಅವರು ಉರ್ದುವಿನಲ್ಲಿ ಏನೋ ಕೇಳಿದರು. ನಾನು ಸಾಲಿಯಲ್ಲಿ ಮಾಸ್ತರರು ಎಬ್ಬಿಸಿ ನಿಲ್ಲಿಸಿದಾಗ ಹೇಳುವಂತೆ ನನ್ನ ಹೆಸರು, ಅಪ್ಪನ ಹೆಸರು, ಊರು, ತಾಲೂಕು, ಜಿಲ್ಲೆ ಎಲ್ಲ ಒದರಿ, ಬಾಯಿತಪ್ಪಿ ಎರಡರ ಮಗ್ಗಿಯನ್ನೂ ಶುರು ಮಾಡಿದ್ದೆನಂತೆ. ಮಾವ ಓಡಿ ಬಂದು ಖಾನಾವಳಿಗೆ ಎತ್ತಿಕೊಂಡು ಹೋಗಿ, ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಕೈಗಿಟ್ಟು, “ಅಳಬ್ಯಾಡ ತಮ್ಮಾ. ಈ ನುಮಾಯಿಷ್‌ನ್ಯಾಗ ಕಳದೋದವರು ಎಲ್ಲಾರೂ ಕಡೀಕ ನಮ್ಮ ಖಾನಾವಳಿಗೇ ಬರತಾರ” ಎಂದ. ಆಗ ಅದು ನನಗೆ ಸಮಾಧಾನದ ಮಾತಿನಂತೆ ಕೇಳಿಸಿತು. ಅದೇ ಒಂದು ದಂಧೆ ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಖಾನಾವಳಿಗೆ ಬಾರಿನ ಲೈಸೆನ್ಸು ಸಿಕ್ಕಿದ್ದು ಮಾವನ ಕಡೆಯ ವರ್ಷದಲ್ಲಿ. ಪೇಂಟರು ‘ಖಾನಾವಳಿ’ ಅಳಿಸಿ ಅಲ್ಲಿ ‘ಬಾರ್’ ಎಂದು ಬರೆದ. ಆರು ತಿಂಗಳಿಗೆ ಮಾವ ತೀರಿಕೊಂಡ. ನಾನಾಗ ಸರ್ಕಾರಿ ಗುಮಾಸ್ತನಾಗಬೇಕೆಂದು ಹೈದರಾಬಾದಿಗೆ ಬಂದು, ಪರೀಕ್ಷೆಯಲ್ಲಿ ಮೂರು ಸಲ ಸೋತು, ನಾಲ್ಕನೆಯದಕ್ಕೆ ಫಾರ್ಮು ತುಂಬುತ್ತಿದ್ದೆ. ಬಾರು ಬಂದು ಕೊರಳಿಗೆ ಬಿತ್ತು. ಅಪ್ಪ ಹೋದ ಮೇಲೆ ಊರಲ್ಲಿ ಒಬ್ಬಳೇ ಇದ್ದ ಅವ್ವ ಸಹ ಟ್ರಂಕು ಹಿಡಿದು ನಾಂಪಲ್ಲಿ ಸ್ಟೇಷನ್ನಿನಲ್ಲಿ ಇಳಿದಳು. ಗಲ್ಲಿಯ ತಿರುವಿನಲ್ಲಿ ನಿಂತು ಬೋರ್ಡು ಓದಿದಳು. ಹಣೆಯ ಮೇಲಿನ ವಿಭೂತಿ ನೆರಿಗೆ ಬೀಳುವಷ್ಟು ಹುಬ್ಬು ಗಂಟು ಹಾಕಿ, “ನನ್ನ ಹೆಸರಿನ ಮುಂದ ಇದೇನ್ ಹಚ್ಯಾನೋ ನಮ್ಮಣ್ಣ?” ಎಂದಳು.

ಹೆಸರು ಬದಲಿಸಲು ಮತ್ತೆ ಇಲಾಖೆಗೆ ಅಲೆಯಬೇಕಿತ್ತು. ಹಾಗಾಗಿ ಅವ್ವ ಬಾರಿನ ನಡವಳಿಕೆಯನ್ನೇ ಬದಲಿಸಿದಳು. ಹಿಂದಿನ ಅಡುಗೆಮನೆಯಲ್ಲಿ ಕೂತು ರೊಟ್ಟಿ ಬಡಿಯುತ್ತಲೇ ಅವಳು ಹಾಕಿದ ಕಾಯಿದೆ ಒಂದೇ: ಖಾಲಿ ಹೊಟ್ಟೆಗೆ ಇಲ್ಲಿ ಏನನ್ನೂ ಕೊಡುವುದಿಲ್ಲ. ಗಿರಾಕಿ ಕೂತ ಕೂಡಲೇ ಅರ್ಧ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ ಹೋಗಬೇಕು. ಅದು ಮುಗಿದ ಮೇಲೆ ಗ್ಲಾಸು. ನಮ್ಮ ಕಡೆ ಊಟಕ್ಕೆ ಕೂತವರಿಗೆ “ಇನ್ನೊಂದ್ ಹಾಕೋಳ್ರಿ, ನಮ್ಮಾಣಿ ಅದ” ಎಂದು ಆಣೆ ಹಾಕಿ ಒತ್ತಾಯ ಮಾಡದಿದ್ದರೆ ಮರ್ಯಾದೆ ಅಲ್ಲ. ಅವ್ವ ರೊಟ್ಟಿಗೆ ಆ ಪದ್ಧತಿಯನ್ನು ಇಟ್ಟುಕೊಂಡು, ಗ್ಲಾಸಿಗೆ ಅದನ್ನು ತಿರುವಿ ಹಾಕಿದಳು. ಯಾರಾದರೂ ನಾಲ್ಕನೆಯದಕ್ಕೆ ಕೈ ಎತ್ತಿದರೆ ಅಡುಗೆಮನೆಯ ಕಿಟಕಿಯಿಂದ “ಸಾಕು!” ಎಂಬ ದನಿ ಬರುತ್ತಿತ್ತು. ಆ ಅಳತೆಯ ಪಾತ್ರೆಯನ್ನು ಮಾತ್ರ ಅವಳು ಮುಟ್ಟುತ್ತಿರಲಿಲ್ಲ. ತೊಳೆಯುವ ರಾಶಿಯಲ್ಲಿ ಬಂದರೆ ಇಕ್ಕಳದಲ್ಲಿ ಹಿಡಿದು ಆಚೆ ಇಡುತ್ತಿದ್ದಳು.

“ಶೇಟ್, ನಿಮ್ಮವ್ವ ಹಿಂಗ ಮಾಡಿದ್ರ ಬಾರ್ ನಡ್ಯಂಗಿಲ್ಲ” ಎಂದು ನನ್ನನ್ನು ಎಚ್ಚರಿಸಿದವನು ಯಾದಗಿರಿ. ಮಾವನ ಕಾಲದ ವೇಟರು, ನನಗಿಂತ ಹದಿನೈದು ವರ್ಷ ಹಿರಿಯ, ತೆಲುಗಿನವನಾದರೂ ಅವ್ವನ ಕೈಯಲ್ಲಿ ಸಿಕ್ಕು ಕನ್ನಡ ಕಲಿತವನು. ನನಗೂ ಅದೇ ಭಯ. ಆದರೆ ಆದದ್ದು ಬೇರೆ. ಗಂಡಸರ ಮನೆಯವರು ನಮ್ಮ ಬಾರನ್ನು ನಂಬತೊಡಗಿದರು. “ಎಲ್ಲಿಗೆ?” ಎಂದು ಕೇಳಿದ ಹೆಂಡತಿಗೆ “ಅನ್ನಪೂರ್ಣಮ್ಮನ ಕಡೆ” ಎಂದರೆ ಪ್ರಶ್ನೆ ಅಲ್ಲಿಗೇ ನಿಲ್ಲುತ್ತಿತ್ತು. ಲಿಂಗಂಪಲ್ಲಿಯಿಂದ ಪಾಟೀಲರು ಬರುತ್ತಿದ್ದರು. ಧಾರವಾಡ ಕಡೆಯವರು, ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್. ಮಲ್ಕಾಜ್‌ಗಿರಿಯಿಂದ ನರಸಿಂಗರಾವ್ ಬರುತ್ತಿದ್ದರು, ಗೂಡ್ಸ್ ರೈಲಿನ ಗಾರ್ಡು. ಪುಂಡಿಪಲ್ಯ ತಟ್ಟೆಗೆ ಬಿದ್ದಾಗಲೆಲ್ಲ ನರಸಿಂಗರಾವ್ “ಇದಿ ಮಾ ಗೋಂಗೂರಾ!” ಎನ್ನುವುದು, ಪಾಟೀಲರು “ನಿಮ್ಮದು ಹೆಂಗಾಗತೈತ್ರಿ, ಇದು ನಮ್ಮ ಪುಂಡಿ” ಎನ್ನುವುದು, ಇಬ್ಬರೂ ಜಗಳವಾಡುತ್ತ ತಟ್ಟೆ ಖಾಲಿ ಮಾಡುವುದು. ಹನ್ನೆರಡು ವರ್ಷ ಈ ಜಗಳ ನಡೆದು, ಸೊಪ್ಪು ಯಾರ ಪಾಲಿಗೂ ಹೋಗಲಿಲ್ಲ.

ನುಮಾಯಿಷ್ ಸೀಸನ್ನಿನಲ್ಲಿ ಇವರ ಮೇಜಿಗೆ ಮೂರನೆಯವರು ಕೂಡುತ್ತಿದ್ದರು: ಭಂವರಲಾಲ್, ರಾಜಸ್ಥಾನದ ಉಪ್ಪಿನಕಾಯಿ ವ್ಯಾಪಾರಿ. ದಪ್ಪ ಮೀಸೆ, ಸದಾ ಕಂಕುಳಲ್ಲೊಂದು ಉಪ್ಪಿನಕಾಯಿ ಭರಣಿ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎನ್ನುವಂತೆ, ಜನವರಿಯಲ್ಲಿ ರೈಲಿಳಿದ ದಿನವೇ ಅವರು ನಮ್ಮ ಬಾಗಿಲಲ್ಲಿ. ಅವರಿಗೆ ಬರುತ್ತಿದ್ದದ್ದು ಒಂದೇ ಒಂದು ಕನ್ನಡ ಶಬ್ದ, ‘ಸಾಕು’. ಅದರ ಅರ್ಥ ಏನೆಂದುಕೊಂಡಿದ್ದರೋ, ಮೊದಮೊದಲು ಅವ್ವನನ್ನು ಕಂಡ ಕೂಡಲೇ ಕೈ ಮುಗಿದು “ಸಾಕು, ಮಾಜೀ” ಎನ್ನುತ್ತಿದ್ದರು.

ಕುಡಿತ ಗೊತ್ತಿಲ್ಲದವರು ಬಾರು ನಡೆಸಿದರೆ ಏನಾಗುತ್ತದೆ ಎನ್ನುವುದಕ್ಕೆ ಒಂದೇ ಉದಾಹರಣೆ ಕೊಡುತ್ತೇನೆ. ಒಂದು ಜನವರಿಯಲ್ಲಿ ನರಸಿಂಗರಾವ್ ಕೆಮ್ಮುತ್ತ ಬಂದು ಬಿಯರ್ ಕೇಳಿದರು. ಯಾದಗಿರಿ ರಜೆ. ನಾನು ಫ್ರಿಜ್ಜಿನಿಂದ ಬಾಟಲಿ ತೆಗೆಯುತ್ತಿದ್ದಂತೆ ಅವ್ವ ಅಡ್ಡಗಟ್ಟಿ, “ಇಂಥ ಚಳ್ಯಾಗ ಕೆಮ್ಮವ್ರಿಗೆ ತಣ್ಣಂದು ಕೊಡ್ತಾರೇನು? ನಿನಗ ಕರುಳು ಇಲ್ಲೇನು?” ಎಂದು ಗದರಿದಳು. ಮಾತು ನನಗೆ ಸರಿಯೆನಿಸಿತು. ಪಾತ್ರೆಯಲ್ಲಿ ಬಿಯರು ಸುರಿದು, ಶುಂಠಿ ಜಜ್ಜಿ ಹಾಕಿ, ಮೆಣಸಿನ ಪುಡಿ ಉದುರಿಸಿ, ಒಂದು ಕುದಿ ಬರಿಸಿ, ಲೋಟ ಬಟ್ಟಲಲ್ಲಿ ಇಟ್ಟು ತಂದುಕೊಟ್ಟೆ. ಅದು ಒಲೆಯ ಮೇಲೆ ಹಾಲಿನಂತೆ ಉಕ್ಕಿದಾಗಲೇ ನನಗೆ ಅನುಮಾನ ಬರಬೇಕಿತ್ತು. ನರಸಿಂಗರಾವ್ ಒಂದು ಗುಟುಕು ಕುಡಿದು, ಬಹಳ ಹೊತ್ತು ಕಿಟಕಿಯ ಆಚೆ ನೋಡಿದರು. ಅಡುಗೆಮನೆಯ ಕಿಟಕಿಯಲ್ಲಿ ಅವ್ವನ ಮುಖ ಕಾದು ನಿಂತಿತ್ತು. ಆ ಪುಣ್ಯಾತ್ಮ ಕಣ್ಣು ಮುಚ್ಚಿ ಪೂರ್ತಿ ಕುಡಿದು, “ಬಾಗುಂದಿ ಅಮ್ಮಾ” ಎಂದು ತೆಲುಗಿನಲ್ಲಿ ಹೊಗಳಿದರು. ಮರುದಿನ ಕೆಮ್ಮು ನಿಂತಿತ್ತು. ಮುಂದೆ ಎಷ್ಟೋ ವರ್ಷ, ಅವರು ನಮ್ಮ ಬಾಗಿಲ ಬಳಿ ಬಂದಾಗ ಕೆಮ್ಮು ಬಂದರೆ ಹೊರಗೇ ನಿಂತು ಕೆಮ್ಮಿ ಮುಗಿಸಿ ಒಳಗೆ ಬರುತ್ತಿದ್ದರು.

ಹೀಗೆ ಸುಖವಾಗಿದ್ದಾಗ ಸರ್ಕಾರ ಪಾನನಿಷೇಧ ತಂದಿತು. ಅದೂ ಸಂಕ್ರಾಂತಿ ಮುಗಿದ ಮೇಲೆ, ನುಮಾಯಿಷ್ ನಡುವಿನಲ್ಲಿ. ಸುಗ್ಗಿಯಲ್ಲಿ ರಾಶಿಯ ಮೇಲೆ ಮಳೆ ಬಂದ ಹಾಗೆ. ಇಲಾಖೆಯವರು ಬಂದು ಬಾಟಲಿಗಳನ್ನು ಒಯ್ದರು. ಕಪಾಟು ಬೋಳಾಯಿತು. ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಊರಿಗೆ ಹೋದರೆ ಅಲ್ಲಿ ಹೊಲವಿಲ್ಲ; ಇಲ್ಲಿದ್ದರೆ ಬೋರ್ಡಿಗೆ ಅರ್ಥವಿಲ್ಲ. ಬೇಕೆಂದು ಹಿಡಿದ ಉದ್ಯೋಗವಲ್ಲ, ನಿಜ. ಆದರೆ ಹತ್ತು ಮಂದಿ ಸಂಜೆಯಾದರೆ “ಶಿವಪುತ್ರಪ್ಪ ಅದಾರೇನು?” ಎಂದು ಕೇಳಿಕೊಂಡು ಬರುವ ಒಂದು ಜಾಗ ನನಗಿತ್ತು.

“ಮುಚ್ಚಿಬಿಡೂಣು ಅವ್ವಾ” ಎಂದೆ.

ಅವ್ವ ಜೋಳದ ಹಿಟ್ಟು ನಾದುತ್ತಿದ್ದಳು. “ಯಾಕ ಮುಚ್ಚೂದು? ಕುರ್ಚಿ ಒಯ್ದಾರೇನು? ಒಲಿ ಒಯ್ದಾರೇನು?”

“ಬಾಟ್ಲಿ ಒಯ್ದಾರಲ್ಲ. ಮಂದಿ ಬರತಿದ್ದದ್ದು ಅದಕ್ಕ.”

“ಅದಕ್ಕೋ, ನಮ್ಮ ಸಲುವಾಗಿಯೋ? ಹನ್ನೆರಡು ವರ್ಷ ಆತು ರೊಟ್ಟಿ ಬಡ್ಯಾಕತ್ತು. ನನಗೂ ಗೊತ್ತಾಗಬೇಕೈತಿ. ಮಜ್ಜಿಗಿ ಕೊಡು.”

ಮಜ್ಜಿಗೆ ಕೊಟ್ಟೆವು. ಅವ್ವ ನಸುಕಿನಲ್ಲಿ ಎದ್ದು ಕಡೆಯುತ್ತಿದ್ದಳು. ಮೂರು ನಮೂನೆ: ಸಾದಾ, ಇಂಗಿನ ಒಗ್ಗರಣೆಯದು, ಹಸಿಮೆಣಸಿನಕಾಯಿಯ ಖಾರದ್ದು. ಮೂರು ದಿನ ಒಂದು ನೊಣವೂ ಸುಳಿಯಲಿಲ್ಲ. ಕಡೆದ ಮಜ್ಜಿಗೆಯನ್ನೆಲ್ಲ ನಾನೂ ಯಾದಗಿರಿಯೂ ಕುಡಿದು ಕುಡಿದು ಹೊಟ್ಟೆ ಗುಡುಗುಡು ಎನ್ನುತ್ತಿತ್ತು. ನಾಲ್ಕನೆಯ ದಿನ ಭಂವರಲಾಲ್ ಭರಣಿ ಹಿಡಿದು ಬಂದು, ತಮ್ಮ ಕುರ್ಚಿಯಲ್ಲಿ ಕೂತು, ರೊಟ್ಟಿ ಮುಗಿಸಿ, ಯಾವತ್ತಿನಂತೆ ಕೈ ಎತ್ತಿ “ಏಕ್ ಲಾರ್ಜ್” ಎಂದರು. ಯಾದಗಿರಿ ನನ್ನ ಮುಖ ನೋಡಿದ. ಆಮೇಲೆ ಆ ಸ್ಟೀಲಿನ ಅಳತೆಯನ್ನು ತಿರುಗಿಸಿ ಹಿಡಿದು, ದೊಡ್ಡ ಬಾಯಿಯಲ್ಲಿ ಖಾರದ ಮಜ್ಜಿಗೆ ಅಳೆದು, ಮೇಲೆ ಸೋಡಾ ಬಿಟ್ಟು ಮುಂದಿಟ್ಟ. ಭಂವರಲಾಲ್ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿ, ಒಂದು ಗುಟುಕು ಕುಡಿದು, ಮೀಸೆ ಒರೆಸಿಕೊಂಡು, “ಕಡಕ್ ಹೈ” ಎಂದರು. ಆ ವಾರದ ಕೊನೆಗೆ ಪಾಟೀಲರೂ ನರಸಿಂಗರಾವ್‌ರೂ ಹಾಜರು.

ಆಗ ನಾನು ಕಂಡದ್ದನ್ನು ನೀವು ನಂಬಲಿಕ್ಕಿಲ್ಲ. ಪಾಟೀಲರ ಕ್ರಮ ಹೀಗಿತ್ತು: ಮೊದಲ ಗ್ಲಾಸಿಗೆ ಆಫೀಸು, ಎರಡನೆಯದಕ್ಕೆ ಪುಂಡಿಯ ಜಗಳ, ಮೂರನೆಯದಕ್ಕೆ ತೀರಿಹೋದ ತಂದೆಯ ನೆನಪು, ಕಣ್ಣೀರು. ಮಜ್ಜಿಗೆಗೂ ಅದೇ ಕ್ರಮ ನಡೆಯಿತು! ಮೂರನೆಯ ಗ್ಲಾಸು ಮಜ್ಜಿಗೆಗೆ ಪಾಟೀಲರು ಕರವಸ್ತ್ರ ತೆಗೆದರು. ನರಸಿಂಗರಾವ್ ಎದ್ದು ನಿಂತು, ಕಾಜಿಪೇಟೆಯಲ್ಲಿ ತಾವು ಹಸಿರು ಬಾವುಟ ತೋರಿಸದೆ ರೈಲು ನಿಲ್ಲಿಸಿದ ಕಥೆಯನ್ನು ಕರವಸ್ತ್ರ ಬೀಸಿ ಬೀಸಿ ಹೇಳಿ, ಹೋಗುವಾಗ ತೂರಾಡಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಪಾಟೀಲರು ನಾಲ್ಕನೆಯದಕ್ಕೆ ಕೈ ಎತ್ತಿದರೆ ಅವ್ವ ಕಿಟಕಿಯಿಂದ “ಸಾಕು!” ಎಂದಳು. “ಅವ್ವಾ, ಮಜ್ಜಿಗಿ ಅದು” ಎಂದೆ. “ಮಜ್ಜಿಗಿ ಆದ್ರೇನಾತು? ನೆಗಡಿ ಆಗಂಗಿಲ್ಲೇನು?” ಎಂದಳು.

ಈ ತೂರಾಟದ ಸುದ್ದಿ ಹೋಗಬೇಕಾದಲ್ಲಿಗೆ ಹೋಯಿತು. ಒಂದು ಮಧ್ಯಾಹ್ನ ಇಲಾಖೆಯ ಸಾಹೇಬರೊಬ್ಬರು ಇಬ್ಬರು ಪೇದೆಗಳೊಂದಿಗೆ ನುಗ್ಗಿ ಕಪಾಟು, ಅಕ್ಕಿಯ ಡಬ್ಬಿ, ದೇವರ ಗೂಡು ಎಲ್ಲ ಜಾಲಾಡಿದರು. ಏನೂ ಸಿಗಲಿಲ್ಲ. ಕೊನೆಗೆ ಮೇಜಿನ ಮೇಲಿನ ಗ್ಲಾಸನ್ನೇ ಮೂಸಿ, “ಇದೇನು ಅಂತ ನೋಡೇ ಬಿಡ್ತೀನಿ” ಎಂದು ಹಿಂದಿಯಲ್ಲಿ ಗುಡುಗಿ ಎತ್ತಿದರು. ಅವ್ವ ಬಂದು ಗ್ಲಾಸಿನ ಮೇಲೆ ಅಂಗೈ ಮುಚ್ಚಿದಳು.

“ಅವರಿಗೆ ಹೇಳು,” ಎಂದು ನನ್ನ ಕಡೆ ತಿರುಗಿದಳು. “ಖಾಲಿ ಹೊಟ್ಟೀಲೆ ಇಲ್ಲಿ ಯಾರೂ ಏನೂ ಕುಡ್ಯಂಗಿಲ್ಲ. ಮೊದಲ ಅರ್ಧಾ ರೊಟ್ಟಿ ತಿನ್ನಾಕ ಹೇಳು.”

ಹಾಗೇ ಹಿಂದಿಯಲ್ಲಿ ಹೇಳಿದೆ. ಸಾಹೇಬರು ಅವ್ವನನ್ನು ನೋಡಿದರು, ವಿಭೂತಿ ನೋಡಿದರು, ಕೂತು ರೊಟ್ಟಿ ತಿಂದರು. ಪುಂಡಿಪಲ್ಯ ಇನ್ನೊಂದಿಷ್ಟು ಹಾಕಿಸಿಕೊಂಡರು. ತನಿಖೆಗಾಗಿ ಮೂರು ನಮೂನೆಯ ಮಜ್ಜಿಗೆಯನ್ನೂ ಕುಡಿದರು. ಮೂರನೆಯ ಗ್ಲಾಸು ಮುಗಿಯುವಷ್ಟರಲ್ಲಿ ತಮಗೆ ತಪ್ಪಿಹೋದ ಬಡ್ತಿಯ ಕಥೆ ಶುರುಮಾಡಿ ಮೂಗು ಒರೆಸಿಕೊಳ್ಳುತ್ತಿದ್ದರು. ಪೇದೆಗಳು ಗೋಡೆ ನೋಡುತ್ತಿದ್ದರು. ಮನುಷ್ಯನ ಅರ್ಧ ಅಮಲು ಬಾಟಲಿಯಲ್ಲಿಲ್ಲ, ಕೂತ ಕುರ್ಚಿಯಲ್ಲಿದೆ ಎಂದು ನನಗೆ ಅವತ್ತು ಖಾತ್ರಿಯಾಯಿತು.

ಇನ್ನೂ ಎರಡು ನುಮಾಯಿಷ್ ಹೀಗೆ ಮಜ್ಜಿಗೆಯಲ್ಲೇ ಕಳೆದವು. ಅವ್ವ ಗೆದ್ದವಳಂತೆ ಓಡಾಡುತ್ತಿದ್ದಳು. “ನೋಡಿದ್ಯಾ, ಬರತಿದ್ದದ್ದು ಯಾಕಂತ?” ಎಂದು ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದಳು. ನಾನು ಸ್ವಭಾವತಃ ಸಂಶಯದ ಪ್ರಾಣಿ. ಬೇರೆ ಎಲ್ಲೂ ಏನೂ ಸಿಗದ ಕಾಲದಲ್ಲಿ ಬಂದರೆ ಅದೇನು ದೊಡ್ಡದು ಎಂದು ಒಳಗೊಳಗೇ ಅನಿಸುತ್ತಿತ್ತು. ಬಾಯಿ ಬಿಟ್ಟು ಹೇಳುವ ಧೈರ್ಯವಿರಲಿಲ್ಲ.

ಸರ್ಕಾರ ನಿಷೇಧ ತೆಗೆಯಿತು. ನಮಗೂ ಮತ್ತೆ ಲೈಸೆನ್ಸು ಬಂತು, ಕಪಾಟಿನಲ್ಲಿ ಬಾಟಲಿಗಳು ಬಂದು ನಿಂತವು. ಅದೇ ಹೊತ್ತಿಗೆ ನಮ್ಮ ಎದುರಿಗೆ ಒಂದು ಹೊಸ ಬಾರೂ ಬಂತು. ಕರಿ ಗಾಜಿನ ಬಾಗಿಲು, ಒಳಗೆ ಏಸಿ, ಬಣ್ಣದ ದೀಪ, ಬಾಗಿಲಲ್ಲಿ ಸಲಾಮು ಹೊಡೆಯುವ ಪೇಟದವನು. ಕೈ ಎತ್ತಿದಷ್ಟೂ ಸುರಿಯುತ್ತಾರಂತೆ, ತಡೆಯುವವರೇ ಇಲ್ಲವಂತೆ ಎಂದು ಯಾದಗಿರಿ ಸುದ್ದಿ ತಂದ. ಮೊದಲು ಚಿಲ್ಲರೆ ಗಿರಾಕಿಗಳು ಹೋದರು. ಡಿಸೆಂಬರಿಗೆ ಪಾಟೀಲರು ಬರುವುದು ಬಿಟ್ಟರು. ಕಾರ್ಖಾನೆಯಲ್ಲಿ ಓವರ್‌ಟೈಮ್ ಎಂದು ಹೇಳಿ ಕಳಿಸಿದರು. ನರಸಿಂಗರಾವ್ ಹೇಳಿಯೂ ಕಳಿಸಲಿಲ್ಲ. ಅವ್ವ ರೋಜು ಅಷ್ಟೇ ರೊಟ್ಟಿ ಬಡಿಯುತ್ತಿದ್ದಳು, ಮಿಕ್ಕದ್ದನ್ನು ಮರುದಿನ ಮುರಿದು ಒಗ್ಗರಣೆ ಹಾಕುತ್ತಿದ್ದಳು. “ನೋಡಿದ್ಯಾ” ಎನ್ನುವುದನ್ನು ಮಾತ್ರ ಬಿಟ್ಟಿದ್ದಳು. ಅದರಿಂದ ನನಗೆ ಖಾಲಿ ಕುರ್ಚಿಗಳಿಗಿಂತ ಹೆಚ್ಚು ಸಂಕಟವಾಗುತ್ತಿತ್ತು.

ಜನವರಿ ಬಂತು. ನುಮಾಯಿಷ್ ಮೈಕು ಕೂಗತೊಡಗಿತು. ಸಂಜೆ ಆರರ ಸುಮಾರಿಗೆ ನಾನು ಬಾಗಿಲಲ್ಲಿ ನಿಂತಿದ್ದೆ. ಗಲ್ಲಿಯ ತುದಿಯಲ್ಲಿ ಆ ಮೀಸೆ, ಆ ಭರಣಿ ಕಂಡವು. ನಾನು “ಅವ್ವಾ, ಭಂವರಲಾಲ್ ಬಂದ್ರು!” ಎಂದು ಕೂಗಿಯೇಬಿಟ್ಟೆ. ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ನಾವಿಬ್ಬರೂ ನೋಡುತ್ತಿದ್ದಂತೆ ಪೇಟದವನು ಸಲಾಮು ಹೊಡೆದ, ಕರಿ ಗಾಜು ತೆರೆಯಿತು, ಭಂವರಲಾಲ್ ಭರಣಿಸಮೇತ ಒಳಗೆ ಹೋದರು. ಬಾಗಿಲು ಮುಚ್ಚುವ ಮೊದಲು ಒಳಗಿನ ಮೇಜಿನಲ್ಲಿ ನರಸಿಂಗರಾವ್ ಕೈ ಬೀಸಿ ಕರೆಯುವುದೂ, ಪಕ್ಕದಲ್ಲಿ ಓವರ್‌ಟೈಮಿನ ಪಾಟೀಲರು ಕೂತಿರುವುದೂ ಕಂಡವು.

ನನಗೆ ಅವ್ವನ ಮುಖ ನೋಡಲಾಗಲಿಲ್ಲ. ಅವಳು “ಹೋಗ್ಲಿ ಬಿಡು. ಹೊಸಾದು ಕಂಡ್ರ ಯಾರಿಗ್ಯಾದ್ರೂ ನೋಡಬೇಕನಸ್ತೈತಿ” ಎಂದು ಒಳಗೆ ಹೋದಳು. ರೊಟ್ಟಿ ಬಡಿಯುವ ಸದ್ದು ಕೇಳಿಸಲಿಲ್ಲ. ಇಣುಕಿದೆ. ಅವಳು ಒಲೆ ಆರಿಸಿ, ಹಿಟ್ಟಿನ ಪರಾತದ ಮುಂದೆ ಸುಮ್ಮನೆ ಕೂತಿದ್ದಳು. ಹದಿನೈದು ವರ್ಷದಲ್ಲಿ ಆ ಒಲೆ ಸಂಜೆ ಆರಿದ್ದನ್ನು ನಾನು ನೋಡಿರಲಿಲ್ಲ. ಅಳು ಬಂತು, ನಾಚಿಕೆಯಾಗಿ ಗ್ಲಾಸು ಒರೆಸಲು ನಿಂತೆ.

ಒಂದು ತಾಸು ಆಗಿರಬೇಕು. ಬಾಗಿಲಲ್ಲಿ ನೆರಳು ಬಿತ್ತು. ಭಂವರಲಾಲ್, ಕಂಕುಳಲ್ಲಿ ಭರಣಿ. ಅವರ ಬೆನ್ನ ಹಿಂದೆ ಅರ್ಧ ಅಡಗಿಕೊಂಡು ಪಾಟೀಲರು. ಅವರ ಬೆನ್ನ ಹಿಂದೆ ನರಸಿಂಗರಾವ್. ನಾನು ಒಂದು ಮಾತೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವರು ಅನ್ನುವ ಮೊದಲೇ ಮುಟ್ಟಿಕೊಂಡರು.

“ಬರೇ ನೋಡಿ ಬರೂಣು ಅಂತ ಹೋಗಿದ್ವಿರಿ,” ಎಂದರು ಪಾಟೀಲರು, ನೆಲ ನೋಡುತ್ತ.

“ಒಂದೇ ಸಾರಿ,” ಎಂದರು ನರಸಿಂಗರಾವ್.

“ಒಂದೇ ಸಲ ಏನ್ರಿ, ತಿಂಗಳಾತು,” ಎಂದು ಪಾಟೀಲರೇ ತಿದ್ದಿದರು.

ಅವ್ವ ಸೆರಗಿಗೆ ಕೈ ಒರೆಸುತ್ತ ಅಡುಗೆಮನೆಯ ಬಾಗಿಲಿಗೆ ಬಂದಳು. ಭಂವರಲಾಲ್ ಭರಣಿಯನ್ನು ಮೇಜಿನ ಮೇಲಿಟ್ಟು, ಕೈ ಮುಗಿದು, ದೂರು ಹೇಳುವ ಮಗುವಿನ ದನಿಯಲ್ಲಿ ಹೇಳಿದರು: “ಉಧರ್ ಕೋಯಿ ಸಾಕು ನಹೀಂ ಬೋಲಾ, ಮಾಜೀ.” ಅಲ್ಲಿ ಯಾರೂ ಸಾಕು ಅನ್ನಲಿಲ್ಲ ತಾಯಿ.

ಅವ್ವ ಅವರನ್ನು ನೋಡಿದಳು. ಆಮೇಲೆ ದನಿ ಏರಿಸಿ, “ಉಂಡೀರೇನು ಏನರ?” ಎಂದಳು. ಮೂವರೂ ತಲೆ ಅಲ್ಲಾಡಿಸಿದರು. “ಖಾಲಿ ಹೊಟ್ಟೀಲೆ ಕುಡದು ಬಂದೀರಿ! ಬುದ್ಧಿ ಐತೇನು ನಿಮಗ? ಏ ಯಾದಗಿರಿ, ಒಲಿ ಹಚ್ಚೋ!” ಒಲೆ ಹತ್ತಿತು, ರೊಟ್ಟಿಯ ಸದ್ದು ಶುರುವಾಯಿತು. ತಟ್ಟೆಗೆ ಪುಂಡಿಪಲ್ಯ ಬಿತ್ತು. ನರಸಿಂಗರಾವ್ ಬಾಯಿ ತೆರೆಯುವ ಮೊದಲೇ ಪಾಟೀಲರು, “ಇವತ್ತ ನಿಮ್ಮ ಗೋಂಗೂರಾನೇ ಇರ್ಲಿ ಬಿಡ್ರಿ” ಎಂದರು.

ಅವರ ಊಟ ಮುಗಿಯುವ ಹೊತ್ತಿಗೆ ಅವ್ವ ಕೌಂಟರಿಗೆ ಬಂದಳು. ನಾನು ಏನೋ ಬೇಕೇನೋ ಎಂದು ಸರಿದೆ. ಅವಳು ಆ ಸ್ಟೀಲಿನ ಅಳತೆಯನ್ನು ಎತ್ತಿಕೊಂಡಳು. ಇಕ್ಕಳವಿಲ್ಲ, ಬಟ್ಟೆಯಿಲ್ಲ, ಬರಿಗೈ. “ಇದರಾಗ ದೊಡ್ಡ ಬಾಯಿ ಯಾವದೋ?” ಎಂದು ಕೇಳಿದಳು. ತೋರಿಸಿದೆ. ಬಾಟಲಿಯೊಂದನ್ನು ಹಿಡಿದು ಅವರ ಮೇಜಿಗೆ ಹೋಗಿ, ಅಭ್ಯಾಸವಿಲ್ಲದ ಕೈಯಲ್ಲಿ ಮೂರು ಗ್ಲಾಸಿಗೂ ಅಳೆದು ಸುರಿದಳು. ಅರ್ಧ ಮೇಜಿನ ಮೇಲೆ ಚೆಲ್ಲಿತು. ಮೂವರೂ ಪ್ರಸಾದ ತೆಗೆದುಕೊಳ್ಳುವವರಂತೆ ಕುಡಿದರು. ಅವ್ವನಿಗೆ ತೃಪ್ತಿಯಾಗಲಿಲ್ಲ. ಮನೆಗೆ ಬಂದವರಿಗೆ ರೊಟ್ಟಿ ಬಡಿಸುವ ಅದೇ ದನಿಯಲ್ಲಿ, ಬಾಟಲಿ ಬಗ್ಗಿಸಿ, “ಇನ್ನೊಂದ್ ಹಾಕೋಳ್ರಿ, ನಮ್ಮಾಣಿ ಅದ” ಎಂದಳು.

ಮೂವರೂ ಒಟ್ಟಿಗೇ ಗ್ಲಾಸಿನ ಮೇಲೆ ಅಂಗೈ ಮುಚ್ಚಿ, ಗಲ್ಲಿಯೆಲ್ಲ ಕೇಳುವಂತೆ ಕೂಗಿದರು: “ಸಾಕು!”